ವರ್ಡ್ ಫೈಲ್‌ಗಳು ಡಿ ಡ್ರೈವ್‌ನಲ್ಲೇ ಸೇವ್ ಆಗಲಿ: ಡಿಫಾಲ್ಟ್ ಫೋಲ್ಡರ್ ಬದಲಿಸುವ ಕ್ರಮ

ಬಾಗಲಕೋಟೆಯ ನವನಗರದಲ್ಲಿ ಡಿಟಿಪಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ.

"ತಮ್ಮಾ, ಹ್ವಾದ ವರ್ಷ ನಿನ್ನ ಕಡೇನ ಅರ್ಜಿ ಟೈಪ್ ಮಾಡಿಸಿದ್ನೆಲ್ಲ, ಅದರದೊಂದು ಪ್ರಿಂಟ್ ಕೊಡು."

"ತಡೀರಿ ಕಾಕಾ, ಹುಡುಕ್ತೀನಿ."

ಆಮೇಲೆ ಹುಡುಕಾಟ ಶುರು. ಡೆಸ್ಕ್‌ಟಾಪ್ ಆಯ್ತು, ಡಾಕ್ಯುಮೆಂಟ್ಸ್ ಆಯ್ತು, ಡೌನ್‌ಲೋಡ್ಸ್ ಆಯ್ತು. ಕೊನೆಗೆ "ಕಾಕಾ, ನಡುವೆ ಕಂಪ್ಯೂಟರ್ ಫಾರ್ಮ್ಯಾಟ್ ಹೊಡೆಸಿದ್ವಿ, ಹೋಗಿರಬೇಕು, ಮತ್ತೆ ಟೈಪ್ ಮಾಡ್ತೀನಿ ಕೂಡ್ರಿ" ಎಂಬಲ್ಲಿಗೆ ಮುಗಿಯುತ್ತದೆ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಭಾಗ ಮುಳುಗಿದ ಮೇಲೆ ಎದ್ದ ಬಡಾವಣೆ ಇದು. ಮುಳುಗಡೆ ಪರಿಹಾರದ ಅರ್ಜಿ, ಉತಾರದ (ಪಹಣಿಯ) ತಿದ್ದುಪಡಿ, ವಾರಸಾ ಅರ್ಜಿ ಇವೆಲ್ಲ ಒಂದು ಸಲಕ್ಕೆ ಮುಗಿಯುವ ಕಾಗದಗಳಲ್ಲ. ವರ್ಷಗಟ್ಟಲೆ ಕಚೇರಿಯಿಂದ ಕಚೇರಿಗೆ ಓಡಾಡುತ್ತವೆ. ಅದರ ಮೂಲ ಫೈಲ್ ಕಳೆದರೆ ನಷ್ಟ ಆ ಮನೆಯವರಿಗೆ.

ಇದನ್ನು ತಡೆಯುವ ಮೊದಲ ಕೆಲಸ ಬಹಳ ಚಿಕ್ಕದು. ಫೈಲ್ ಎಲ್ಲಿ ಸೇವ್ ಆಗಬೇಕು ಅಂತ ವರ್ಡ್‌ಗೆ ಒಮ್ಮೆ ಹೇಳಿಟ್ಟರೆ ಸಾಕು. ಐದೇ ನಿಮಿಷದ ಕೆಲಸ. ಆದರೂ ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ಯಾರೂ ಮಾಡಿರುವುದಿಲ್ಲ.

ಬದಲಿಸಲೇಬೇಕಾ?

ವರ್ಡ್ ಹಾಕಿಸಿದಾಗ ಅದು ತಾನಾಗಿ ಸೇವ್ ಮಾಡುವ ಜಾಗ ಡಾಕ್ಯುಮೆಂಟ್ಸ್ ಫೋಲ್ಡರ್. ಈ ಫೋಲ್ಡರ್ ಇರುವುದು ಸಿ ಡ್ರೈವ್‌ನಲ್ಲಿ, ಯೂಸರ್ಸ್ ಒಳಗೆ, ನಿಮ್ಮ ಹೆಸರಿನ ಫೋಲ್ಡರ್ ಒಳಗೆ. ಕಣ್ಣೆದುರಿಗೇ ಇರುವ ಡೆಸ್ಕ್‌ಟಾಪ್ ಕೂಡ ಅಲ್ಲೇ ಇದೆ. ಇದು ಬಹಳ ಜನರಿಗೆ ಗೊತ್ತಿರುವುದಿಲ್ಲ. ವಿಂಡೋಸ್ ಕೆಟ್ಟಿತು, ವೈರಸ್ ಬಂತು, ಕಂಪ್ಯೂಟರ್ ಸ್ಲೋ ಆಯ್ತು ಅಂತ ರಿಪೇರಿಗೆ ಕೊಟ್ಟಾಗ ಅವರು ಫಾರ್ಮ್ಯಾಟ್ ಮಾಡುವುದು ಇದೇ ಸಿ ಡ್ರೈವನ್ನು. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಮೂರೂ ಒಟ್ಟಿಗೇ ಹೋಗುತ್ತವೆ. ಡಿ ಡ್ರೈವ್ ಮಾತ್ರ ಇದ್ದ ಹಾಗೇ ಉಳಿಯುತ್ತದೆ.

ಹಾಗಾದರೆ ಡಿ ಡ್ರೈವ್‌ನಲ್ಲಿಟ್ಟರೆ ಫೈಲ್‌ಗೆ ಏನೂ ಆಗುವುದಿಲ್ಲವೇ? ಹಾಗಲ್ಲ. ಸಿ ಮತ್ತು ಡಿ ಸಾಮಾನ್ಯವಾಗಿ ಒಂದೇ ಹಾರ್ಡ್ ಡಿಸ್ಕಿನ ಎರಡು ಭಾಗ. ಡಿಸ್ಕೇ ಕೆಟ್ಟರೆ ಎರಡೂ ಹೋಗುತ್ತವೆ. ಅದಕ್ಕೆ ಬೇರೆ ಕಾಪಿ ಬೇಕು, ಅದರ ಮಾತು ಮುಂದೆ ಬರುತ್ತದೆ.

ಮೊದಲು ಫೋಲ್ಡರ್ ಮಾಡಿಕೊಳ್ಳಿ

ದಿಸ್ ಪಿಸಿ ತೆರೆದು ಡಿ ಡ್ರೈವ್ ಇದೆಯಾ ನೋಡಿ. ಕೆಲವು ಕಂಪ್ಯೂಟರ್‌ಗಳಲ್ಲಿ ಡಿ ಅಂತ ಕಾಣುವುದು ಡಿವಿಡಿ ಡ್ರೈವ್ ಆಗಿರುತ್ತದೆ. ಇನ್ನು ಕೆಲವದರಲ್ಲಿ ಕಂಪನಿಯವರು ಇಟ್ಟ ರಿಕವರಿ ಭಾಗ ಆಗಿರುತ್ತದೆ. ರಿಕವರಿ ಅಂತ ಬರೆದಿದ್ದರೆ ಅದನ್ನು ಮುಟ್ಟಬೇಡಿ. ಪೆನ್ ಡ್ರೈವನ್ನು ಡಿಫಾಲ್ಟ್ ಜಾಗವಾಗಿ ಕೊಡುವುದೂ ಬೇಡ. ಅದನ್ನು ತೆಗೆದ ದಿನ ವರ್ಡ್‌ಗೆ ಜಾಗ ಸಿಗುವುದಿಲ್ಲ, ಫೈಲ್ ಮತ್ತೆಲ್ಲೋ ಹೋಗಿ ಕೂರುತ್ತದೆ.

ಡಿ ಡ್ರೈವ್ ಒಳಗೆ ಒಂದು ಹೊಸ ಫೋಲ್ಡರ್ ಮಾಡಿ. ಹೆಸರು ಕೆಲಸ, ಅರ್ಜಿಗಳು, ಆಫೀಸ್, ಯಾವುದಾದರೂ ಆಗಬಹುದು. ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ವಿಂಡೋಸ್ ಕನ್ನಡ ಹೆಸರನ್ನು ಚೆನ್ನಾಗಿಯೇ ಒಪ್ಪಿಕೊಳ್ಳುತ್ತದೆ, ಯೂನಿಕೋಡ್‌ನಲ್ಲಿ ಟೈಪ್ ಮಾಡುವವರಿಗೆ ತೊಂದರೆ ಇಲ್ಲ. ನಮ್ಮ ಕಡೆ ಮಾತ್ರ ಇನ್ನೂ ಬಹಳ ಅಂಗಡಿಗಳಲ್ಲಿ ಹಳೆಯ ನುಡಿ ಫಾಂಟಿನಲ್ಲೇ ಕೆಲಸ ನಡೆಯುತ್ತದೆ. ಆ ಕೀಬೋರ್ಡ್ ಆನ್ ಇದ್ದಾಗ ಫೋಲ್ಡರ್ ಹೆಸರು ಟೈಪ್ ಮಾಡಿದರೆ ಕನ್ನಡ ಬರುವುದಿಲ್ಲ. ಕೊಂಬು, ಚುಕ್ಕಿ ಇಟ್ಟ ಯಾವುದೋ ಲಿಪಿಯ ಅಕ್ಷರಗಳು ಬರುತ್ತವೆ. ಮುಂದೆ ಯಾರೂ ಅದನ್ನು ಓದಲಾರರು. ಹೆಸರು ಕೊಡುವ ಮೊದಲು ಕೀಬೋರ್ಡನ್ನು ಇಂಗ್ಲಿಷಿಗೆ ಬದಲಿಸಿಕೊಳ್ಳಿ.

ಹೊಸ ಲ್ಯಾಪ್‌ಟಾಪ್ ಆಗಿದ್ದರೆ ಸಿ ಡ್ರೈವ್ ಒಂದೇ ಇರುವುದು ಜಾಸ್ತಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಶ್ರಿಂಕ್ ವಾಲ್ಯೂಮ್ ಮಾಡಿ, ಅಂದರೆ ಸಿ ಡ್ರೈವನ್ನು ಕುಗ್ಗಿಸಿ, ಉಳಿದ ಜಾಗದಲ್ಲಿ ಡಿ ಡ್ರೈವ್ ಮಾಡಿಕೊಳ್ಳಬಹುದು. ಆದರೆ ಡ್ರೈವ್‌ಗೆ ಬೀಗ ಹಾಕಿಡುವ ಬಿಟ್‌ಲಾಕರ್ ಆನ್ ಇದ್ದರೆ, ಅಥವಾ ಇದು ನಿಮಗೆ ಮೊದಲ ಸಲವಾದರೆ, ಎಲ್ಲಾ ಫೈಲ್‌ಗಳನ್ನು ಹೊರಗೆ ಕಾಪಿ ಮಾಡಿಟ್ಟು, ತಿಳಿದವರ ಕೈಯಲ್ಲೇ ಮಾಡಿಸಿ.

ಮೈಕ್ರೋಸಾಫ್ಟ್ ವರ್ಡ್‌ನಲ್ಲಿ

ವರ್ಡ್ 2013, 2016, 2019, 2021 ಮತ್ತು ಮೈಕ್ರೋಸಾಫ್ಟ್ 365, ಇವೆಲ್ಲದರಲ್ಲೂ ದಾರಿ ಒಂದೇ.

1. ವರ್ಡ್ ತೆರೆಯಿರಿ. ಮೇಲೆ ಎಡಗಡೆ ಇರುವ ಫೈಲ್ ಒತ್ತಿ. ಎಡಗಡೆಯ ಪಟ್ಟಿಯ ತೀರಾ ಕೆಳಗೆ ಆಪ್ಷನ್ಸ್ ಇದೆ. ಸ್ಕ್ರೀನ್ ಚಿಕ್ಕದಿದ್ದರೆ ಅದು ಮೋರ್ ಅನ್ನುವುದರ ಒಳಗೆ ಅಡಗಿರುತ್ತದೆ.

2. ಆಪ್ಷನ್ಸ್ ಕಿಟಕಿಯಲ್ಲಿ ಎಡಗಡೆ ಸೇವ್ ಒತ್ತಿ.

3. ಅಲ್ಲಿ ಡಿಫಾಲ್ಟ್ ಲೋಕಲ್ ಫೈಲ್ ಲೊಕೇಶನ್ ಅನ್ನುವ ಸಾಲು ಹುಡುಕಿ. ಪಕ್ಕದ ಬ್ರೌಸ್ ಒತ್ತಿ, ಡಿ ಡ್ರೈವ್‌ಗೆ ಹೋಗಿ, ನೀವು ಮಾಡಿದ ಫೋಲ್ಡರ್ ಆರಿಸಿ, ಓಕೆ ಒತ್ತಿ.

4. ಅದೇ ಪುಟದಲ್ಲಿ ಸೇವ್ ಟು ಕಂಪ್ಯೂಟರ್ ಬೈ ಡಿಫಾಲ್ಟ್ ಅಂತ ಇದೆ. ಅದಕ್ಕೆ ಟಿಕ್ ಹಾಕಿ. ಇದನ್ನು ಮರೆತರೆ ಮೂರನೇ ಹೆಜ್ಜೆ ಮಾಡಿದ್ದೂ ಸುಮ್ನೆ ಆಗುತ್ತದೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿದ್ದರೆ ವರ್ಡ್ ಮೊದಲು ತೋರಿಸುವುದು ಒನ್‌ಡ್ರೈವನ್ನು, ಅಂದರೆ ಇಂಟರ್ನೆಟ್‌ನಲ್ಲಿರುವ (ಕ್ಲೌಡ್) ಮೈಕ್ರೋಸಾಫ್ಟ್‌ನ ಜಾಗವನ್ನು. ತೀರಾ ಹೊಸ ಆವೃತ್ತಿಯಲ್ಲಿ ಹೊಸ ಫೈಲನ್ನು ತಾನಾಗಿ ಕ್ಲೌಡ್‌ನಲ್ಲಿ ಮಾಡುವ ಆಯ್ಕೆಯೂ ಇದೇ ಪುಟದಲ್ಲಿ ಕಾಣಬಹುದು. ಕಂಡರೆ ಅದರ ಟಿಕ್ ತೆಗೆಯಿರಿ.

5. ಕೆಳಗೆ ಓಕೆ ಒತ್ತಿ. ತೆರೆದಿರುವ ಎಲ್ಲಾ ವರ್ಡ್ ಕಿಟಕಿಗಳನ್ನೂ ಮುಚ್ಚಿ.

ಈಗ ಪರೀಕ್ಷೆ. ವರ್ಡ್ ಮತ್ತೆ ತೆರೆದು ಖಾಲಿ ಪುಟದಲ್ಲಿ ಒಂದೆರಡು ಪದ ಟೈಪ್ ಮಾಡಿ, ಎಫ್12 ಒತ್ತಿ. ಲ್ಯಾಪ್‌ಟಾಪ್‌ನಲ್ಲಿ ಎಫ್‌ಎನ್ ಕೀ ಕೂಡ ಹಿಡಿಯಬೇಕಾಗಬಹುದು. ಸೇವ್ ಆ್ಯಸ್ ಕಿಟಕಿ ನೇರವಾಗಿ ನಿಮ್ಮ ಫೋಲ್ಡರನ್ನೇ ತೋರಿಸಿದರೆ ಕೆಲಸ ಆಯ್ತು.

ವರ್ಡ್ 2007 ಇಟ್ಟುಕೊಂಡವರು ಇನ್ನೂ ಇದ್ದಾರೆ. ಅದರಲ್ಲಿ ಫೈಲ್ ಬದಲು ಮೇಲೆ ಎಡಮೂಲೆಯಲ್ಲಿ ಗುಂಡಗಿನ ಆಫೀಸ್ ಬಟನ್ ಇರುತ್ತದೆ. ಅದನ್ನು ಒತ್ತಿ, ಕೆಳಗಿನ ವರ್ಡ್ ಆಪ್ಷನ್ಸ್‌ಗೆ ಹೋಗಿ, ಅಲ್ಲಿಂದ ಸೇವ್. 2007 ಮತ್ತು 2010ರಲ್ಲಿ ಆ ಸಾಲಿನ ಹೆಸರು ಬರೀ ಡಿಫಾಲ್ಟ್ ಫೈಲ್ ಲೊಕೇಶನ್.

ಇನ್ನೊಂದು ದಾರಿಯೂ ಇದೆ. ಆಪ್ಷನ್ಸ್‌ನಲ್ಲಿ ಅಡ್ವಾನ್ಸ್ಡ್ ಒತ್ತಿ, ಬಹಳ ಕೆಳಗೆ ಜನರಲ್ ಅನ್ನುವ ಭಾಗದವರೆಗೆ ಹೋಗಿ. ಅಲ್ಲಿ ಫೈಲ್ ಲೊಕೇಶನ್ಸ್ ಬಟನ್ ಇದೆ. ಡಾಕ್ಯುಮೆಂಟ್ಸ್ ಸಾಲು ಆರಿಸಿ ಮಾಡಿಫೈ ಒತ್ತಿದರೆ ಅದೇ ಕೆಲಸ. ಸೇವ್ ಪುಟದಲ್ಲಿ ಬದಲಿಸಿದ್ದು ಇಲ್ಲಿಯೂ ಕಾಣುತ್ತದೆ, ಎರಡು ಕಡೆ ಮಾಡಬೇಕಾಗಿಲ್ಲ.

"ಬದಲಿಸಿದೆ, ಆದರೂ ಬೇರೆ ಕಡೆ ಹೋಗ್ತದೆ"

ಈ ದೂರು ಬಹಳ ಜನರದು. ಸೆಟ್ಟಿಂಗ್ ಕೆಟ್ಟಿರುವುದಿಲ್ಲ, ವರ್ಡ್ ನಡೆದುಕೊಳ್ಳುವ ರೀತಿಯೇ ಹಾಗೆ.

ವರ್ಡ್ ತೆರೆದಿರುವಷ್ಟು ಹೊತ್ತು ಅದು ಕೊನೆಯದಾಗಿ ಬಳಸಿದ ಫೋಲ್ಡರನ್ನು ನೆನಪಿಟ್ಟುಕೊಳ್ಳುತ್ತದೆ. ನೀವು ನಡುವೆ ಪೆನ್ ಡ್ರೈವ್‌ನಲ್ಲಿ ಒಂದು ಫೈಲ್ ಸೇವ್ ಮಾಡಿದ್ದರೆ, ಮುಂದಿನದಕ್ಕೂ ಅದನ್ನೇ ತೋರಿಸುತ್ತದೆ. ಎಲ್ಲಾ ಮುಚ್ಚಿ ಮತ್ತೆ ತೆರೆದಾಗ ಡಿಫಾಲ್ಟ್ ಫೋಲ್ಡರ್‌ಗೆ ವಾಪಸ್ ಬರುತ್ತದೆ. ಹಾಗೆಯೇ, ಹಳೆಯ ಫೈಲನ್ನು ತೆರೆದು ಕಂಟ್ರೋಲ್ ಎಸ್ ಒತ್ತಿದರೆ ಅದು ತಾನಿದ್ದ ಜಾಗದಲ್ಲೇ ಸೇವ್ ಆಗುತ್ತದೆ. ಡಿಫಾಲ್ಟ್ ಫೋಲ್ಡರ್ ಲೆಕ್ಕಕ್ಕೆ ಬರುವುದು ಹೊಸ ಫೈಲ್‌ಗೆ ಮಾತ್ರ.

ಇದಕ್ಕಿಂತ ಹುಷಾರಾಗಿರಬೇಕಾದದ್ದು ಹೊರಗಿನಿಂದ ಬಂದ ಫೈಲ್‌ಗಳ ವಿಷಯದಲ್ಲಿ. ಗಿರಾಕಿ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ, ಇಮೇಲ್‌ನಲ್ಲಿ ಬರುತ್ತದೆ, ಜಿಪ್ ಒಳಗೆ ಇರುತ್ತದೆ. ಅಲ್ಲಿಂದಲೇ ಡಬಲ್ ಕ್ಲಿಕ್ ಮಾಡಿ ತೆರೆದರೆ ಎಷ್ಟೋ ಸಲ ಅದು ತೆರೆದಿರುವುದು ತಾತ್ಕಾಲಿಕ ಫೋಲ್ಡರ್‌ನಲ್ಲಿ. ಅರ್ಧ ಗಂಟೆ ತಿದ್ದಿ ಸೇವ್ ಒತ್ತಿದರೂ ಅದು ಎಲ್ಲಿ ಹೋಯಿತೆಂದು ಮತ್ತೆ ಸಿಗುವುದಿಲ್ಲ. ಹೊರಗಿನ ಫೈಲ್ ತೆರೆದ ಕೂಡಲೇ, ಒಂದಕ್ಷರ ತಿದ್ದುವ ಮೊದಲು, ಎಫ್12 ಒತ್ತಿ ನಿಮ್ಮ ಫೋಲ್ಡರ್‌ಗೆ ಸೇವ್ ಮಾಡಿ. ಮೇಲೆ ಹಳದಿ ಪಟ್ಟಿ ಬಂದು ಎನೇಬಲ್ ಎಡಿಟಿಂಗ್ ಕೇಳಿದರೆ, ಕಳಿಸಿದವರು ಗೊತ್ತಿರುವವರೇ ಅಂತ ನೋಡಿಕೊಂಡು ಅದನ್ನು ಮೊದಲು ಒತ್ತಿ.

ಕಂಪ್ಯೂಟರ್‌ಗೆ ಎರಡು ಲಾಗಿನ್ ಇದ್ದರೆ ಎರಡರಲ್ಲೂ ಬೇರೆ ಬೇರೆಯಾಗಿ ಬದಲಿಸಬೇಕು. ಈ ಸೆಟ್ಟಿಂಗ್ ಇರುವುದು ಲಾಗಿನ್‌ಗೆ, ಇಡೀ ಕಂಪ್ಯೂಟರ್‌ಗೆ ಅಲ್ಲ.

ಲಿಬ್ರೆ ಆಫೀಸ್‌ನಲ್ಲಿ

ವರ್ಡ್, ಎಕ್ಸೆಲ್ ಮಾಡುವ ಕೆಲಸಕ್ಕೆ ದುಡ್ಡು ಕೊಡದೆ, ಕದ್ದ ಕಾಪಿಯೂ ಅಲ್ಲದೆ ಬಳಸಬಹುದಾದ ಸಾಫ್ಟ್‌ವೇರ್ ಇದು. ಶಾಲೆ, ಸಂಘ, ಚಿಕ್ಕ ಅಂಗಡಿಗಳಿಗೆ ನಾನು ಹೇಳುವುದು ಇದನ್ನೇ. 2010ರಲ್ಲಿ ಓಪನ್ ಆಫೀಸ್‌ನಿಂದ ಕವಲೊಡೆದು ಬಂದದ್ದರಿಂದ ಎರಡರಲ್ಲೂ ದಾರಿ ಹೆಚ್ಚುಕಡಿಮೆ ಒಂದೇ.

ಟೂಲ್ಸ್ ಮೆನು ತೆರೆದು ಆಪ್ಷನ್ಸ್ ಒತ್ತಿ. ಎಡಗಡೆ ಲಿಬ್ರೆ ಆಫೀಸ್ ಅನ್ನುವುದರ ಕೆಳಗೆ ಪಾತ್ಸ್ ಇದೆ. ಅದನ್ನು ಒತ್ತಿದರೆ ಬಲಗಡೆ ಒಂದು ಪಟ್ಟಿ ಬರುತ್ತದೆ: ಆಟೋಕರೆಕ್ಟ್, ಬ್ಯಾಕಪ್ಸ್, ಟೆಂಪ್ಲೇಟ್ಸ್ ಹೀಗೆ. ಅದರಲ್ಲಿ ಮೈ ಡಾಕ್ಯುಮೆಂಟ್ಸ್ ಸಾಲು ಆರಿಸಿ, ಎಡಿಟ್ ಒತ್ತಿ, ನಿಮ್ಮ ಫೋಲ್ಡರ್ ತೋರಿಸಿ, ಓಕೆ ಮಾಡಿ. ಬೇಡವೆನಿಸಿದರೆ ಅದೇ ಸಾಲು ಆರಿಸಿ ಡಿಫಾಲ್ಟ್ ಬಟನ್ ಒತ್ತಿದರೆ ಹಳೆಯದಕ್ಕೆ ಹೋಗುತ್ತದೆ. ಇಲ್ಲಿ ಬದಲಿಸಿದ್ದು ಟೈಪಿಂಗ್‌ನ ರೈಟರ್‌ಗೆ ಮಾತ್ರವಲ್ಲ, ಲೆಕ್ಕದ ಕ್ಯಾಲ್ಕ್‌ಗೂ ಅನ್ವಯಿಸುತ್ತದೆ. ವರ್ಡ್‌ನಲ್ಲಿ ಹಾಗಿಲ್ಲ. ಎಕ್ಸೆಲ್‌ಗೆ ಎಕ್ಸೆಲ್ ಒಳಗೇ ಹೋಗಿ ಬೇರೆಯಾಗಿ ಬದಲಿಸಬೇಕು.

ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಸ್ಥಳಾಂತರಿಸುವುದು

ಮನೆಯ ಲ್ಯಾಪ್‌ಟಾಪ್‌ನಲ್ಲಿ ಒಬ್ಬರೇ ಕೆಲಸ ಮಾಡುವುದಾದರೆ ನನಗೆ ಇಷ್ಟವಾಗುವುದು ಈ ದಾರಿ. ಒಂದೊಂದು ಸಾಫ್ಟ್‌ವೇರ್‌ಗೂ ಹೇಳುತ್ತಾ ಕೂರುವ ಬದಲು ಇಡೀ ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಡಿಗೆ ಕಳಿಸಿಬಿಡುವುದು.

ಡಿ ಡ್ರೈವ್‌ನಲ್ಲಿ ಡಾಕ್ಯುಮೆಂಟ್ಸ್ ಅಂತ ಒಂದು ಖಾಲಿ ಫೋಲ್ಡರ್ ಮಾಡಿ. ಆಮೇಲೆ ಈಗಿರುವ ಡಾಕ್ಯುಮೆಂಟ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ಒತ್ತಿ. ಲೊಕೇಶನ್ ಟ್ಯಾಬ್‌ನಲ್ಲಿ ಮೂವ್ ಒತ್ತಿ, ಹೊಸ ಫೋಲ್ಡರ್ ತೋರಿಸಿ, ಅಪ್ಲೈ ಒತ್ತಿ. ಹಳೆಯ ಫೈಲ್‌ಗಳನ್ನೂ ಅಲ್ಲಿಗೆ ಸಾಗಿಸಲೇ ಅಂತ ಕೇಳುತ್ತದೆ. ಯೆಸ್ ಅನ್ನಿ.

ಒಂದು ಎಚ್ಚರಿಕೆ. ಮೂವ್ ಒತ್ತಿದಾಗ ಬರೀ ಡಿ ಡ್ರೈವನ್ನೇ ಆರಿಸಬೇಡಿ, ಅದರ ಒಳಗಿನ ಫೋಲ್ಡರನ್ನೇ ಆರಿಸಿ. ಬರೀ ಡ್ರೈವ್ ಕೊಟ್ಟರೆ ಇಡೀ ಡಿ ಡ್ರೈವೇ ಡಾಕ್ಯುಮೆಂಟ್ಸ್ ಆಗಿಬಿಡುತ್ತದೆ. ಅದನ್ನು ವಾಪಸ್ ಬಿಡಿಸುವುದು ದೊಡ್ಡ ತಲೆನೋವು. ಇನ್ನೊಂದು, ಒನ್‌ಡ್ರೈವ್ ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರನ್ನು ಬ್ಯಾಕಪ್ ಮಾಡುತ್ತಿದ್ದರೆ ಮೊದಲು ಒನ್‌ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಆ ಬ್ಯಾಕಪ್ ನಿಲ್ಲಿಸಿ, ಫೈಲ್‌ಗಳೆಲ್ಲ ಕಂಪ್ಯೂಟರ್‌ನಲ್ಲೂ ಇವೆಯೇ ಅಂತ ಖಾತ್ರಿ ಮಾಡಿಕೊಂಡು ಮುಂದುವರಿಯಿರಿ.

ಹಳೆಯ ಫೈಲ್‌ಗಳ ಗತಿ

ವರ್ಡ್‌ನಲ್ಲಿ ಸೆಟ್ಟಿಂಗ್ ಬದಲಿಸಿದ ಮಾತ್ರಕ್ಕೆ ಹಳೆಯ ಫೈಲ್‌ಗಳು ಎದ್ದು ಹೊಸ ಮನೆಗೆ ಬರುವುದಿಲ್ಲ. ನೀವೇ ತರಬೇಕು.

ಸಿ ಡ್ರೈವ್ ತೆರೆದು ಬಲಗಡೆ ಮೇಲಿನ ಸರ್ಚ್ ಜಾಗದಲ್ಲಿ ಇಂಗ್ಲಿಷಿನಲ್ಲಿ ನಕ್ಷತ್ರ ಚಿಹ್ನೆ, ಚುಕ್ಕಿ, ಡಿ ಓ ಸಿ ಮೂರು ಅಕ್ಷರ, ಮತ್ತೆ ನಕ್ಷತ್ರ ಚಿಹ್ನೆ, ಇಷ್ಟನ್ನೂ ಜಾಗ ಬಿಡದೆ ಟೈಪ್ ಮಾಡಿ. ಹಳೆಯ ಮತ್ತು ಹೊಸ ಬಗೆಯ ವರ್ಡ್ ಫೈಲ್‌ಗಳೆಲ್ಲ ಬರುತ್ತವೆ. ವರ್ಡ್ ಮುಚ್ಚಿಟ್ಟು, ನಿಮ್ಮವನ್ನು ಮಾತ್ರ ಆರಿಸಿ ಕಾಪಿ ಮಾಡಿ ಡಿ ಫೋಲ್ಡರ್‌ಗೆ ಹಾಕಿ. ಕಟ್ ಮಾಡಬೇಡಿ. ನಡುವೆ ಕರೆಂಟ್ ಹೋದರೆ ಅತ್ತ ಇಲ್ಲ, ಇತ್ತ ಇಲ್ಲ ಅಂತಾಗಬಹುದು. ಕಾಪಿ ಮುಗಿದ ಮೇಲೆ ನಾಲ್ಕಾರು ಫೈಲ್ ತೆರೆದು ನೋಡಿ, ಆಮೇಲೆ ಹಳೆಯದನ್ನು ಅಳಿಸಿ.

ಹೀಗೆ ಹುಡುಕಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ: ಫೈಲ್‌ಗಳ ಹೆಸರು. ಹೊಸ ಫೈಲ್ ಸೇವ್ ಮಾಡುವಾಗ ವರ್ಡ್ ತಾನೇ ಒಂದು ಹೆಸರು ಸೂಚಿಸುತ್ತದೆ. ಪುಟದ ಮೊದಲ ಸಾಲೇ ಆ ಹೆಸರು. ನಮ್ಮ ಅರ್ಜಿಗಳ ಮೊದಲ ಸಾಲು ಏನು? "ಇವರಿಗೆ," ಅಲ್ವಾ? ಅದೂ ನುಡಿ ಫಾಂಟಿನಲ್ಲಿ ಬರೆದಿದ್ದರೆ ಹೆಸರಿನ ಜಾಗದಲ್ಲಿ ಐದಾರು ವಿಚಿತ್ರ ಅಕ್ಷರ. ಎಂಟರ್ ಒತ್ತುತ್ತಾ ಹೋದರೆ ಫೋಲ್ಡರ್ ತುಂಬಾ ಅದೇ ಅಕ್ಷರಗಳ ಫೈಲ್‌ಗಳು, ಮುಂದೆ ಒಂದು, ಎರಡು, ಮೂರು ಅಂತ ಅಂಕಿ. ಕಾಕಾ ಬಂದು ಕೇಳಿದಾಗ ಯಾವುದು ಅವರದು?

ಹೆಸರು ನೀವೇ ಕೊಡಿ. ಊರು, ಹೆಸರು, ಕೆಲಸ, ತಾರೀಕು. ತಾರೀಕನ್ನು ವರ್ಷ ಮೊದಲು ಬರುವಂತೆ 2025-06-12 ಎಂದು ಬರೆದರೆ ಒಬ್ಬರ ಒಂದೇ ಕೆಲಸದ ಫೈಲ್‌ಗಳು ತಾವೇ ಕಾಲಕ್ರಮದಲ್ಲಿ ಸಾಲಾಗಿ ನಿಲ್ಲುತ್ತವೆ. ನಾವು ಬರೆಯುವ ಹಾಗೆ ಓರೆಗೆರೆ ಹಾಕಿ 12/06 ಅಂತ ಬರೆಯಲು ವಿಂಡೋಸ್ ಬಿಡುವುದಿಲ್ಲ. ಓರೆಗೆರೆ, ಕೋಲನ್, ಪ್ರಶ್ನೆ ಚಿಹ್ನೆ, ನಕ್ಷತ್ರ ಇವು ಫೈಲ್ ಹೆಸರಿನಲ್ಲಿ ನಿಷಿದ್ಧ.

ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತ ಒಂದೇ ಇರಲಿ. ಸರ್ಕಾರ 2014ರಲ್ಲಿ ಬಿಜಾಪುರವನ್ನು ವಿಜಯಪುರ, ಬೆಳಗಾಂವನ್ನು ಬೆಳಗಾವಿ ಎಂದು ಬದಲಿಸಿತು. ಹಳೆಯ ಫೈಲ್‌ಗಳಲ್ಲಿ ಹಳೆ ಹೆಸರು, ಹೊಸದರಲ್ಲಿ ಹೊಸ ಹೆಸರು. ಬಾಗಲಕೋಟೆಯನ್ನೂ ಕೊನೆಗೆ ಇ ಸೇರಿಸಿ ಕೆಲವರು, ಬಿಟ್ಟು ಕೆಲವರು ಬರೆಯುತ್ತಾರೆ. ಹಳೆಯದನ್ನು ಹುಡುಕುವಾಗ ಎರಡೂ ರೀತಿ ಟೈಪ್ ಮಾಡಿ ನೋಡಿ.

ಅದೇ ಪುಟದಲ್ಲಿ ಇನ್ನೆರಡು ಕೆಲಸ

ವರ್ಡ್‌ನ ಸೇವ್ ಪುಟ ತೆರೆದಿದ್ದೀರಿ. ಇಷ್ಟನ್ನೂ ಮಾಡಿಬಿಡಿ.

ಆಟೋರಿಕವರ್, ಅಂದರೆ ತೆರೆದಿರುವ ಫೈಲನ್ನು ವರ್ಡ್ ತಾನೇ ಆಗಾಗ ತಾತ್ಕಾಲಿಕವಾಗಿ ಉಳಿಸಿಡುವುದು, ಹತ್ತು ನಿಮಿಷಕ್ಕೊಮ್ಮೆ ಅಂತ ಇರುತ್ತದೆ. ಕರೆಂಟ್ ಹೋಗುವ ಊರಿಗೆ ಹತ್ತು ನಿಮಿಷ ಬಹಳ ಜಾಸ್ತಿ. ಮೂರು ನಿಮಿಷ ಮಾಡಿ. ಅದರ ಕೆಳಗೆ ಆಟೋರಿಕವರ್ ಫೈಲ್ ಲೊಕೇಶನ್ ಇದೆ. ಮೊದಲಿಗೆ ಅದು ಸಿ ಡ್ರೈವ್‌ನ ಆ್ಯಪ್‌ಡೇಟಾ ಅನ್ನುವ ಮರೆಯಾಗಿರುವ ಫೋಲ್ಡರ್‌ಗೆ ಹೋಗುತ್ತದೆ. ಅದನ್ನೂ ಡಿ ಡ್ರೈವ್‌ನ ಬೇರೊಂದು ಫೋಲ್ಡರ್‌ಗೆ ಬದಲಿಸಿದರೆ ಕರೆಂಟ್ ಹೋದಾಗ ಉಳಿದ ಅರೆಬರೆ ಫೈಲ್ ಎಲ್ಲಿದೆ ಅಂತ ನಿಮಗೆ ಗೊತ್ತಿರುತ್ತದೆ. ಇದು ಕಂಟ್ರೋಲ್ ಎಸ್‌ಗೆ ಬದಲಿ ಅಲ್ಲ. ಅದನ್ನು ಒತ್ತುತ್ತಲೇ ಇರಿ.

ಎರಡನೆಯದು ಡಿಫಾಲ್ಟ್ ಪರ್ಸನಲ್ ಟೆಂಪ್ಲೇಟ್ಸ್ ಲೊಕೇಶನ್. ಟೈಪಿಂಗ್ ಮಾಡುವವರಿಗೆ ಇದು ಬಹಳ ಉಪಯೋಗದ್ದು, ಯಾಕಂದರೆ ಫೈಲ್ ಕಳೆಯುವ ಇನ್ನೊಂದು ದಾರಿಯನ್ನು ಇದು ಮುಚ್ಚುತ್ತದೆ. ಬಾಡಿಗೆ ಕರಾರು ಪತ್ರ ಬೇಕು ಅಂದ ಕೂಡಲೇ ನಾವು ಏನು ಮಾಡುತ್ತೇವೆ? ಹಿಂದೆ ಯಾರಿಗೋ ಮಾಡಿದ್ದನ್ನು ತೆರೆದು, ಹೆಸರು ಬದಲಿಸಿ, ಪ್ರಿಂಟ್ ಕೊಟ್ಟು, ರೂಢಿಯಂತೆ ಕಂಟ್ರೋಲ್ ಎಸ್ ಒತ್ತುತ್ತೇವೆ. ಮೊದಲಿನವರ ಪತ್ರ ಅಲ್ಲಿಗೆ ಮುಗಿಯಿತು. ಅದಕ್ಕಿಂತ ಕೆಟ್ಟದ್ದು, ಮೊದಲಿನವರ ಸರ್ವೆ ನಂಬರೋ ಆಧಾರ್ ನಂಬರೋ ಹೊಸಬರ ಪತ್ರದಲ್ಲಿ ಉಳಿದುಬಿಡುತ್ತದೆ.

ಬದಲಿಗೆ ಡಿ ಡ್ರೈವ್‌ನಲ್ಲಿ ನಮೂನೆಗಳು ಅಂತ ಒಂದು ಫೋಲ್ಡರ್ ಮಾಡಿ, ಅದರ ವಿಳಾಸವನ್ನು ಈ ಸಾಲಿನಲ್ಲಿ ಕೊಡಿ. ಕರಾರು ಪತ್ರದಲ್ಲಿ ಹೆಸರು, ನಂಬರು ಇರುವ ಕಡೆಯೆಲ್ಲ ಖಾಲಿ ಬಿಟ್ಟು, ಎಫ್12 ಒತ್ತಿ, ಸೇವ್ ಆ್ಯಸ್ ಟೈಪ್‌ನಲ್ಲಿ ವರ್ಡ್ ಟೆಂಪ್ಲೇಟ್ ಆರಿಸಿ ಸೇವ್ ಮಾಡಿ. ಮುಂದೆ ಫೈಲ್, ನ್ಯೂ, ಪರ್ಸನಲ್ ಅಂತ ಹೋದರೆ ನಿಮ್ಮ ನಮೂನೆಗಳೆಲ್ಲ ಅಲ್ಲಿರುತ್ತವೆ. ಒತ್ತಿದಾಗ ತೆರೆಯುವುದು ಹೊಸ ಕಾಪಿ, ಮೂಲ ಹಾಗೇ ಇರುತ್ತದೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣದ ವ್ಯಾಪಾರದವರು ಬಿಲ್ ಮತ್ತು ಕೊಟೇಶನ್‌ಗೂ ಹೀಗೇ ಮಾಡಬಹುದು.

ಎರಡನೇ ಕಾಪಿ

ಎಲ್ಲಾ ಫೈಲ್ ಒಂದೇ ಫೋಲ್ಡರ್‌ನಲ್ಲಿದ್ದರೆ ಬ್ಯಾಕಪ್ ಬಹಳ ಸುಲಭ. ವಾರಕ್ಕೊಮ್ಮೆ ಆ ಒಂದು ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ. ಗೂಗಲ್ ಅಕೌಂಟಿಗೆ 15 ಜಿಬಿ, ಒನ್‌ಡ್ರೈವ್‌ನಲ್ಲಿ 5 ಜಿಬಿ ಪುಕ್ಕಟೆ ಸಿಗುತ್ತದೆ. ಚಿತ್ರಗಳಿಲ್ಲದ ಅರ್ಜಿ ಫೈಲ್‌ಗಳಿಗೆ ಅಷ್ಟು ಜಾಗ ಧಾರಾಳ. ಗಿರಾಕಿಗಳ ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್‌ಗಳನ್ನು ಮಾತ್ರ ಕ್ಲೌಡ್‌ಗೆ ಹಾಕಬೇಡಿ. ಕೆಲಸ ಮುಗಿದ ಮೇಲೆ ಅವನ್ನು ಇಟ್ಟುಕೊಳ್ಳುವುದೇ ಬೇಡ, ಅಳಿಸಿಬಿಡಿ.

ಇನ್ನು ಕಂಪ್ಯೂಟರನ್ನು ರಿಪೇರಿಗೆ ಕೊಡುವಾಗ "ಸಿ ಒಂದನ್ನೇ ಫಾರ್ಮ್ಯಾಟ್ ಮಾಡ್ರಿ, ಡಿ ಮುಟ್ಟಬ್ಯಾಡ್ರಿ" ಎಂದು ಬಾಯಲ್ಲಿ ಹೇಳಿ, ಚೀಟಿಯಲ್ಲೂ ಬರೆದು ಅಂಟಿಸಿ. ಕೊಡುವ ಮೊದಲು ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಒಮ್ಮೆ ನೋಡಿ, ಉಳಿದಿದ್ದನ್ನು ಡಿಗೆ ಹಾಕಿ. ಕಂಪ್ಯೂಟರ್ ವಾಪಸ್ ಬಂದಾಗ ಫೈಲ್‌ಗಳು ಇರುತ್ತವೆ, ಆದರೆ ವರ್ಡ್‌ನ ಸೆಟ್ಟಿಂಗ್ ಹೋಗಿರುತ್ತದೆ. ವರ್ಡ್ ಮತ್ತೆ ಸಿ ಡ್ರೈವ್‌ನ ಡಾಕ್ಯುಮೆಂಟ್ಸ್‌ಗೇ ಸೇವ್ ಮಾಡಲು ಶುರು ಮಾಡುತ್ತದೆ. ಮೊದಲ ಅರ್ಜಿ ಟೈಪ್ ಮಾಡುವ ಮುನ್ನವೇ ಫೈಲ್, ಆಪ್ಷನ್ಸ್, ಸೇವ್‌ಗೆ ಹೋಗಿ ಮೂರೂ ಜಾಗಗಳನ್ನು, ಅಂದರೆ ಫೈಲ್, ಆಟೋರಿಕವರ್, ಟೆಂಪ್ಲೇಟ್, ಮತ್ತೆ ಡಿ ಡ್ರೈವ್‌ಗೆ ತಿರುಗಿಸಿ.